ಟೈರಿನ ಮೇಲಿನ 88 ಏನು ಹೇಳುತ್ತದೆ?

ಟೈರ್ ಅಂಗಡಿಯಲ್ಲಿ ನಾವು ಕೇಳುವುದು ಎರಡೇ ಪ್ರಶ್ನೆ: ಈ ಸೈಜ್ ಇದೆಯಾ, ರೇಟ್ ಎಷ್ಟು? ಸೈಜಿನ ಪಕ್ಕದಲ್ಲೇ ಇರುವ ಇನ್ನೊಂದು ಸಂಖ್ಯೆ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಭಾವನಿಗೂ ಬೀಳಲಿಲ್ಲ. ಏಳು ಸೀಟಿನ ಕಾರಿಗೆ 16 ಇಂಚಿನ ಅಲಾಯ್ ವೀಲ್ ಹಾಕಿಸಿಕೊಂಡು ಬಂದು, ‘ಟೈರ್ ಅಗಲ ಜಾಸ್ತಿ, ಇನ್ನು ಎಷ್ಟು ಲಗೇಜ್ ಹೇರಿದ್ರೂ ಚಿಂತೆಯಿಲ್ಲ’ ಅಂದರು. ಆಗಿದ್ದು ಉಲ್ಟಾ.

ಮೊದಲು ಹಳೆಯ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ ಓದಿ. 185/65 ಆರ್15 88ಎಚ್ ಎಂದಿದೆ ಅಂದುಕೊಳ್ಳಿ. 185 ಟೈರಿನ ಅಗಲ, ಮಿ.ಮೀ.ನಲ್ಲಿ; 65 ಅಂದರೆ ಸೈಡ್‌ವಾಲ್ ಎತ್ತರ ಆ ಅಗಲದ ಶೇ. 65; 15 ವೀಲಿನ ಇಂಚು. ಕೊನೆಯ 88 ಲೋಡ್ ಇಂಡೆಕ್ಸ್, ಟೈರು ಗರಿಷ್ಠ ಎಷ್ಟು ಭಾರ ಹೊರಬಲ್ಲದು ಎಂಬುದರ ಗುರುತು. ಅದು ಕೆಜಿ ಅಲ್ಲ, ಪಟ್ಟಿಯೊಂದರ ಕ್ರಮಸಂಖ್ಯೆ. 82 ಅಂದರೆ 475 ಕೆಜಿ, 88 ಅಂದರೆ 560, 91 ಅಂದರೆ 615. ಇದು ಒಂದು ಟೈರಿನ ಲೆಕ್ಕ. ಎಚ್ ಎಂಬುದು ವೇಗದ ಮಿತಿ, ಗಂಟೆಗೆ 210 ಕಿ.ಮೀ.

ಸೆಕೆಂಡ್ ಹ್ಯಾಂಡ್ ಕಾರಾದರೆ ಈಗಿರುವ ಟೈರನ್ನು ನಂಬಬೇಡಿ. ಕಾರಿನ ಮ್ಯಾನುವಲ್ ನೋಡಿ. ಅಲ್ಲಿರುವ ಸಂಖ್ಯೆಗಿಂತ ಒಂದೂ ಕಡಿಮೆ ಆಗಬಾರದು, ಜಾಸ್ತಿ ಇದ್ದರೆ ಪರವಾಗಿಲ್ಲ.

ಕೆಲವರು ಇಲ್ಲಿ ಸ್ವಂತ ಗಣಿತ ಶುರು ಮಾಡುತ್ತಾರೆ. 560ನ್ನು ನಾಲ್ಕರಿಂದ ಗುಣಿಸಿದರೆ 2240 ಕೆಜಿ, ನಮ್ಮ ಕಾರು ಜನ ಸೇರಿ ಅಷ್ಟು ತೂಗಲ್ಲವಲ್ಲ ಅಂತ. ಆದರೆ ಭಾರ ನಾಲ್ಕು ಟೈರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಹಿಂದಿನ ಸೀಟು, ಡಿಕ್ಕಿ ತುಂಬಿದರೆ ಹಿಂದಿನ ಟೈರುಗಳ ಮೇಲೆ ಹೊರೆ. ಚಾರ್ಮಾಡಿ ಘಾಟಿ ಇಳಿಯುತ್ತಾ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಅದೇ ಹೊರೆ ಮುಂದಕ್ಕೆ, ಹೊರಬದಿಯ ಟೈರಿಗೆ ನುಗ್ಗುತ್ತದೆ.

ಈಗ ಭಾವನ ಅಲಾಯ್ ವಿಷಯ. ಅವರ ಹಳೆಯ ಟೈರು ಮೇಲಿನ ಉದಾಹರಣೆಯದೇ, ಹೊಸದು 195/55 ಆರ್16. ಒಟ್ಟು ಎತ್ತರ ಹಳೆಯದರಷ್ಟೇ, ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಅಂಗಡಿಯವರು ಹೇಳಿದ್ದೂ ಇದನ್ನೇ, ಅದು ನಿಜ ಕೂಡ. ಆದರೆ ವೀಲ್ ದೊಡ್ಡದಾದಾಗ ಸೈಡ್‌ವಾಲ್ ಗಿಡ್ಡವಾಯಿತು: 120 ಮಿ.ಮೀ. ಇದ್ದದ್ದು 107ಕ್ಕೆ ಇಳಿಯಿತು. ಭಾರ ಹೊರುವುದು ಮುಖ್ಯವಾಗಿ ಒಳಗಿನ ಗಾಳಿ, ರಬ್ಬರ್ ಅಲ್ಲ. ಗಾಳಿಯ ಜಾಗ ಕುಗ್ಗಿದ್ದರಿಂದ ಈ ಸೈಜಿನ ಮಾಮೂಲಿ ಟೈರಿನ ಇಂಡೆಕ್ಸ್ 87. ಅಗಲ ಹೆಚ್ಚಿದರೂ ತಾಕತ್ತು 545 ಕೆಜಿಗೆ ಇಳಿಯಿತು.

ಅದೇ ಸೈಜಿನಲ್ಲಿ ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಎಂದು ಬರೆದ, ಹೆಚ್ಚು ಭಾರ ಹೊರುವ ಟೈರು ಸಿಗುತ್ತದೆ, ಇಂಡೆಕ್ಸ್ 91. ಅಲಾಯ್ ಬೇಕೇ ಬೇಕು ಅನ್ನುವವರು ಇದನ್ನೇ ಕೇಳಿ ಪಡೆಯಿರಿ. ಒಂದು ಮಾತು: ಆ 615 ಕೆಜಿ ತಾಕತ್ತು ಬರುವುದು ಗಾಳಿ ಜಾಸ್ತಿ ಇದ್ದಾಗ ಮಾತ್ರ. ಎಷ್ಟು ಪಿಎಸ್‌ಐ ಬೇಕು ಎಂಬುದನ್ನು ಟೈರ್ ಕಂಪನಿಯ ಪಟ್ಟಿಯಲ್ಲಿ ನೋಡಿಸಿ. ಸೈಡ್‌ವಾಲ್ ಮೇಲಿನ ‘ಮ್ಯಾಕ್ಸ್’ ಸಂಖ್ಯೆಯಷ್ಟು ಹೊಡೆಸಬೇಡಿ, ಅದು ಮಿತಿ, ಸಲಹೆ ಅಲ್ಲ. ನನ್ನನ್ನು ಕೇಳಿದರೆ ಏಳು ಸೀಟಿನ ಕಾರಿಗೆ ಕಂಪನಿ ಕೊಟ್ಟ ವೀಲೇ ಸರಿ. ನಮ್ಮ ರಸ್ತೆ ಗುಂಡಿಗಳಿಗೆ ಗಿಡ್ಡ ಸೈಡ್‌ವಾಲ್ ಆಗಿಬರಲ್ಲ.

ತಯಾರಿ ದಿನಾಂಕ ನೋಡುವುದು ಸುಲಭ. ಸೈಡ್‌ವಾಲ್ ಮೇಲೆ ನಾಲ್ಕಂಕಿಯಲ್ಲಿ 1425 ಎಂದಿದ್ದರೆ 2025ರ 14ನೇ ವಾರ. ‘ಆಲ್ಮೋಸ್ಟ್ ಹೊಸದು ಸರ್’ ಎಂದು ಅರ್ಧ ರೇಟಿಗೆ ತೋರಿಸುವ ಹಳೆ ಟೈರಿನ ಕಡೆ ತಿರುಗಿಯೂ ನೋಡಬೇಡಿ.

ಕೊನೆಗೆ ಡಿಕ್ಕಿ ತೆಗೆದು ಸ್ಟೆಪ್ನಿಯ ಇಂಡೆಕ್ಸನ್ನೂ ಓದಿ. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿಸಿ.