ಕಾಗದದ ತಿಮಿಂಗಿಲಕ್ಕೆ ಕೊನೆಗೂ ಬಾಲ ಬಂತು

ಮಗಳಿಗಾಗಿ ಒರಿಗಾಮಿ ತಿಮಿಂಗಿಲ ಮಡಚಲು ಕುಳಿತರೆ ಮೂರು ಸಲವೂ ಬಾಲವೇ ಕೈಕೊಟ್ಟಿತು. ದೇಹ ಚೆನ್ನಾಗಿಯೇ ಬರುತ್ತಿತ್ತು. ತುದಿ ಮಾತ್ರ ಸೊಟ್ಟಗಾಗಿ ಸುಕ್ಕುಗಟ್ಟುತ್ತಿತ್ತು.

ತಪ್ಪು ಇದ್ದದ್ದು ಬಾಲದಲ್ಲಲ್ಲ, ಚೌಕದಲ್ಲಿ. ಎ4 ಹಾಳೆಯನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿದ್ದೆ, ಅದು ಓರೆಯಾಗಿತ್ತು. ಈಗ ಅಳೆಯುವುದನ್ನೇ ಬಿಟ್ಟಿದ್ದೇನೆ. ಮೇಲಂಚನ್ನು ಪಕ್ಕದ ಉದ್ದನೆಯ ಅಂಚಿನ ಮೇಲೆ ಸರಿಯಾಗಿ ಕೂರಿಸಿ ಮಡಚಿ, ಕೆಳಗೆ ಉಳಿಯುವ 87 ಮಿಲಿಮೀಟರ್ ಪಟ್ಟಿಯನ್ನು ತೆಗೆದುಬಿಟ್ಟರೆ 210 ಮಿಲಿಮೀಟರಿನ ಚೌಕ ಕರ್ಣದ ಗೆರೆಯೊಂದಿಗೇ ಸಿಗುತ್ತದೆ.

ಇನ್ನೊಂದು ಕಾರಣ ನನಗೆ ತಡವಾಗಿ ಹೊಳೆಯಿತು. ಎರಡು ಅಂಚುಗಳನ್ನು ಕರ್ಣಕ್ಕೆ ತಂದು ಗಾಳಿಪಟದ ಆಕಾರ ಮಾಡುವಾಗ ಅವನ್ನು ಗೆರೆಗೆ ಅಂಟಿಸಿದಂತೆ ತಾಗಿಸುತ್ತಿದ್ದೆ. ಆಮೇಲೆ ಉದ್ದಕ್ಕೆ ಅರ್ಧ ಮಡಚಿದಾಗ ಅವು ಒಂದನ್ನೊಂದು ತಳ್ಳಿ, ನಾಲ್ಕು ಪದರದ ಚೂಪು ತುದಿ ಉಬ್ಬುತ್ತಿತ್ತು. ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು, ಪ್ರತಿ ಮಡಿಕೆಯನ್ನೂ ಉಗುರಿನಿಂದ ಉಜ್ಜಿದೆ. ಎಷ್ಟು ವ್ಯತ್ಯಾಸ!

ಉಳಿದದ್ದು ಸುಲಭ: ಮೊಂಡು ಮೂಲೆ ಒಳಗೆ, ಉದ್ದಕ್ಕೆ ಅರ್ಧ, ಚೂಪು ತುದಿ ಮೇಲಕ್ಕೆ. ಆ ತುದಿಯನ್ನು ಮಡಿಕೆಯ ಗೆರೆಯಲ್ಲಿ ಸ್ವಲ್ಪ ಸೀಳಿ ಎರಡು ಕಡೆಗೂ ಬಿಡಿಸಿದರೆ ಬಾಲದ ಈಜುರೆಕ್ಕೆಗಳು. ನಾಲ್ಕನೆಯ ತಿಮಿಂಗಿಲ ಈಗ ಕಿಟಕಿಯ ಬಳಿ ಬಾಲವೆತ್ತಿ ನಿಂತಿದೆ. ಮಗಳು ಮರಿಗಾಗಿ ನೀಲಿ ಹಾಳೆ ಹುಡುಕುತ್ತಿದ್ದಾಳೆ.