ಮೊದಲ ಸಲ ಉಲ್ಲನ್ ಕಡ್ಡಿ ಹಿಡಿಯುವವರಿಗೆ

ಬೆಳಗಾವಿಯಲ್ಲಿ ಚಳಿ ಶುರುವಾದ ಕೂಡಲೇ ಸ್ವೆಟರ್ ಹೆಣೆಯಬೇಕು ಅನ್ನಿಸುತ್ತದೆ, ಅಲ್ವಾ? ಸದ್ಯಕ್ಕೆ ಸ್ವೆಟರ್ ಬೇಡ. ಮಫ್ಲರ್ ಸಾಕು.

ಖಡೇಬಜಾರ್ ಕಡೆ ಹೋದಾಗ ತಿಳಿ ಬಣ್ಣದ, ಸ್ವಲ್ಪ ದಪ್ಪ ಉಲ್ಲನ್ ತನ್ನಿ. ಕಪ್ಪು ಬೇಡವೇ ಬೇಡ, ಕುಣಿಕೆ ಕಾಣುವುದಿಲ್ಲ. ಕಡ್ಡಿ 8ನೇ ನಂಬರ್, ಅಂದರೆ 4 ಮಿ.ಮೀ. ಹಳೆಯ ನಂಬರ್ ಲೆಕ್ಕ ಉಲ್ಟಾ: ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. ಇದು ಗೊತ್ತಿಲ್ಲದೆ ನಾನು 12 ತಂದು, ವಾರಗಟ್ಟಲೆ ಹೆಣೆದರೂ ಗೇಣುದ್ದ ಆಗಲಿಲ್ಲ.

ಒಂದು ಕಡ್ಡಿಗೆ 30 ಕುಣಿಕೆ ಸಡಿಲವಾಗಿ ಹಾಕಿ, ಅದನ್ನು ಎಡಗೈಯಲ್ಲಿ ಹಿಡಿಯಿರಿ. ನೂಲು ಹಿಂದೆ ಇರಲಿ. ಬಲಗಡ್ಡಿಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ, ಅದರ ತುದಿಗೆ ನೂಲು ಸುತ್ತಿ, ಆ ನೂಲನ್ನು ಮುಂದಕ್ಕೆ ಎಳೆದುಕೊಂಡು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಿ. ಅಷ್ಟೇ. ಸಾಲು ಮುಗಿದರೆ ಕಡ್ಡಿ ಅದಲು ಬದಲು, ಮತ್ತೆ ಅದೇ.

ಪ್ರತಿ ಸಾಲಿಗೂ ಎಣಿಸಿ. 30 ಇದ್ದದ್ದು 34 ಆಯಿತಾ? ಹೆಚ್ಚಿನ ಸಲ ತಪ್ಪು ಸಾಲಿನ ಶುರುವಿನಲ್ಲೇ ಇರುತ್ತದೆ. ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಎರಡರ ಹಾಗೆ ಕಾಣುತ್ತದೆ, ನಾವು ಸುಮ್ನೆ ಎರಡನ್ನೂ ಹೆಣೆದುಬಿಡುತ್ತೇವೆ. ಕಡ್ಡಿಯ ಕೆಳಗಿಂದಲೇ ಹಿಂದಕ್ಕೆ ತನ್ನಿ. ಬಿಗಿಯಾಗಿ ಎಳೆಯಬೇಡಿ, ಮುಂದಿನ ಸಾಲಿನಲ್ಲಿ ಕಡ್ಡಿ ತೂರುವುದೇ ಇಲ್ಲ.

ಮುಗಿಸುವಾಗ ಎರಡು ಕುಣಿಕೆ ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಬಿಡಿ, ಇನ್ನೊಂದು ಹೆಣೆಯಿರಿ, ಮತ್ತೆ ದಾಟಿಸಿ. ಕೊನೆಯ ಕುಣಿಕೆಯೊಳಗೆ ನೂಲಿನ ತುದಿ ಎಳೆದು, ದಬ್ಬಣದಿಂದ ಅಂಚಿನೊಳಗೆ ಸೇರಿಸಿ.