ಹಿತ್ತಾಳಿ ಸಾಮಾನ: ಮೊದಲ ಜಿಡ್ಡು, ಆಮ್ಯಾಲೆ ಹುಳಿ

ನವರಾತ್ರಿ ಬಂತಂದ್ರ ನಮ್ಮ ವಿಜಯಪುರದಾಗ ಮನಿಮನಿಗೆ ಸಮೆ (ಎತ್ತರದ ದೀಪದ ಕಂಬ), ನೀಲಾಂಜನ, ಗಂಟಿ, ತಂಬಗಿ ಎಲ್ಲಾ ಒಮ್ಮೆಲೆ ಹಿತ್ತಲಕ್ಕ ಬರತಾವು. ಹುಡುಗ್ಯಾರು ಸೀದಾ ಹುಣಸಿಹಣ್ಣಿಗೆ ಕೈ ಹಾಕತಾರ, ಅರ್ಧ ತಾಸು ತಿಕ್ಕತಾರ, ಆದ್ರೂ ಸಮೆ ಕರ್ರಗನ ಇರತೈತಿ. ಹುಳಿ ಕಿಲುಬು ತಗೀತೈತಿ, ಎಣ್ಣಿ ಜಿಡ್ಡು ತಗಿಯಂಗಿಲ್ಲ. ಜಿಡ್ಡಿನ ಮ್ಯಾಲೆ ಎಷ್ಟು ಹುಳಿ ಹಚ್ಚಿದರೂ ಅದು ಲೋಹಕ್ಕ ಮುಟ್ಟೂದs ಇಲ್ಲ.

ಅದಕ್ಕ ಮೊದಲ ಸಮೆಯ ತಿರುಪು ಬಿಚ್ಚಿ ಭಾಗ ಬ್ಯಾರೆ ಬ್ಯಾರೆ ಮಾಡ್ರಿ. ಬತ್ತಿ ಇಡೂ ಮೂಲಿಯೊಳಗ ಕಪ್ಪು ಗಟ್ಟಿಯಾಗಿ ಕುಂತಿರತೈತಿ, ಅದನ್ನ ಕಟಿಗಿ ಚೂರಿನಿಂದ ಕೆರೀರಿ, ಚಾಕು ಬ್ಯಾಡ. ಒಣ ಕಡ್ಲಿಹಿಟ್ಟು ಉದುರಿಸಿ ಹಳೆ ಪೇಪರಿನಿಂದ ಒರಸಿದ್ರ ಅರ್ಧ ಎಣ್ಣಿ ಅಲ್ಲೇ ಹೋಗತೈತಿ. ಉಳದದ್ದಕ್ಕ ಬಿಸಿನೀರು, ಸ್ವಲ್ಪ ಅರಬಿ ತೊಳಿಯೂ ಸೋಡಾ. ನೀರು ಮೈಮ್ಯಾಲೆ ಹನಿಹನಿಯಾಗಿ ನಿಲ್ಲದ ಹರದು ಹೋತಂದ್ರ ಜಿಡ್ಡು ಹೋತಂತ ತಿಳೀರಿ.

ಈಗ ಹುಣಸಿಹಣ್ಣು. ಲಿಂಬಿಹಣ್ಣಿನ ಗಾತ್ರದಷ್ಟು ಬಿಸಿನೀರಾಗ ನೆನಸಿ, ಕಿವುಚಿ, ಒಂದು ಚಮಚಾ ಉಪ್ಪು ಹಾಕಿ ಆ ನಾರಿನಿಂದನs ತಿಕ್ಕ್ರಿ. ಉಪ್ಪು ಕೂಡಿದ್ರ ಹುಳಿ ಚುರುಕಾಗತೈತಿ, ಕೈಯೊಳಗs ಬಣ್ಣ ತಿರಗತೈತಿ. ಆದ್ರ ಹಚ್ಚಿ ಮರೀಬ್ಯಾಡ್ರಿ. ಹಿತ್ತಾಳಿ ಅಂದ್ರ ತಾಮ್ರ ಮತ್ತ ಸತುವು ಕೂಡಿಸಿದ್ದು. ಹುಳಿ ಭಾಳ ಹೊತ್ತು ಕುಂತ್ರ ಸತುವು ಬಿಟ್ಟು ಹೋಗಿ ತಾಮ್ರ ಮ್ಯಾಲೆ ಬರತೈತಿ, ಸಮೆ ಅಲ್ಲಲ್ಲಿ ಗುಲಾಬಿಯಾಗತೈತಿ. ಅದಕ್ಕ ಮತ್ತಷ್ಟು ಹುಳಿ ಹಚ್ಚಿದ್ರ ಇನ್ನೂ ಕೆಡತೈತಿ. ಅರಬಿಯಾಗ ಸೋಸಿದ ಕುಳ್ಳಿನ ಬೂದಿಯಿಂದ ತಿಕ್ಕ್ರಿ, ಆ ಪದರ ಸವದು ಒಳಗಿನ ಹಳದಿ ಬರತೈತಿ. ನಾ ಅಂತೂ ಪ್ರತಿ ಸಲ ಹುಳಿ ಆದಮ್ಯಾಲೆ ಬೂದಿ ಹಚ್ಚೇ ತೊಳೀತೀನಿ. ಬೂದಿಯ ಕ್ಷಾರ ಉಳದ ಹುಳಿಯನ್ನ ಮುರೀತೈತಿ.

ಲಿಂಬಿಹಣ್ಣೂ ನಡೀತೈತಿ, ಇಂಡಿ ಕಡೆ ಅದಕ್ಕೇನ ಬರ! ರಸ ಹರದು ಕೆಳಗ ಬೀಳೂದು ಒಂದ ತಾಪತ್ರಯ. ರಸಕ್ಕ ಉಪ್ಪು, ಜೋಳದಹಿಟ್ಟು ಕೂಡಿಸಿ ಮುದ್ದಿ ಮಾಡಿದ್ರ ನಿಂತ ಸಮೆಗೂ ಅಂಟಿ ಕುಂಡ್ರತೈತಿ. ಕೆತ್ತನಿ ಇದ್ದಲ್ಲಿ ಹಳೆ ಟೂತ್‌ಬ್ರಶ್ ಬೇಕು, ಇಲ್ಲಂದ್ರ ಹಿಟ್ಟು ಸಂದಿಯೊಳಗ ಒಣಗಿ ಬೆಳ್ಳಗ ಕಾಣತೈತಿ. ಇಟ್ಟಂಗಿ ಪುಡಿ ದೇವರ ಮೂರ್ತಿಗೆ ಬ್ಯಾಡ. ವಾರವಾರ ತಿಕ್ಕಿ ಲಕ್ಷ್ಮಿಯ ಮೂಗು ಸವಿಸಿದ ಮನಿಗೋಳು ನಮ್ಮ ಓಣಿಯೊಳಗs ಅದಾವು. ಪೀತಾಂಬರಿ ಪುಡಿಗೆ ನನ್ನ ತಕರಾರಿಲ್ಲ, ಅವಸರಕ್ಕ ಛಲೋ. ಬಾತ್‌ರೂಮಿನ ಆಸಿಡ್ ಮಾತ್ರ ಹಿತ್ತಾಳಿ ಹತ್ತಿರಕ್ಕೂ ತರಬ್ಯಾಡ್ರಿ. ಬ್ಲೀಚಿಂಗ್ ಪೌಡರಿಗೆ ಹುಳಿ ಕೂಡಿಸಿದ್ರ ಉಸಿರು ಕಟ್ಟೂ ವಿಷಗಾಳಿ ಏಳತೈತಿ, ಅದೂ ಬ್ಯಾಡ.

ಹೊಸದಾಗಿ ಅಂಗಡಿಯಿಂದ ತಂದ ಶೋಪೀಸಿಗೆ ಮೊದಲ ಒಂದು ಅಯಸ್ಕಾಂತ ಹಚ್ಚಿ ನೋಡ್ರಿ. ಹತ್ತಿತಂದ್ರ ಒಳಗ ಕಬ್ಬಿಣ, ಮ್ಯಾಲಿಂದು ಬರೇ ಲೇಪ. ಹುಳಿ ಹಚ್ಚಿದ್ರ ಲೇಪ ಹೋಗಿ ಕಬ್ಬಿಣ ಹಲ್ಲು ಕಿಸೀತೈತಿ. ಮ್ಯಾಲೆ ವಾರ್ನಿಶ್ ಇದ್ದದ್ದಕ್ಕೂ ಒದ್ದಿ ಅರಬಿ ಸಾಕು.

ತೊಳದ ಮ್ಯಾಲಿನ ಕೆಲಸಕ್ಕ ಯಾರಿಗೂ ಪುರಸೊತ್ತಿರಂಗಿಲ್ಲ. ನಮ್ಮ ಬೋರಿನ ನೀರು ಗಡಸು, ತಾನs ಆರಲಿ ಅಂತ ಬಿಟ್ರ ಬಿಳಿ ಕಲಿ ನಿಲ್ಲತಾವು. ಕೂಡಲೇ ಒಣ ಹತ್ತಿ ಅರಬಿಯಿಂದ ಒರಸಿ, ಸ್ವಲ್ಪ ಬಿಸಿಲಿಗಿಟ್ಟು, ಆಮ್ಯಾಲೆ ಅರಬಿಯಿಂದನs ಹಿಡದು ಎತ್ತಿಡ್ರಿ. ಬರಿಗೈ ಬೆವರು ನಾಳೆ ಬಟ್ಟಿನ ಗುರುತಾಗಿ ಕಾಣತೈತಿ. ಬಿಸಿಲು ನಾಡಿನ ನಮಗ ಹೊಳಪು ತಿಂಗಳುಗಟ್ಟಲೆ ನಿಲ್ಲತೈತಿ. ಖಾನಾಪೂರ ಕಡೆ ಮಳಿಗಾಲದಾಗ ಲಗೂನ ಮಸಕಾಗತೈತಿ, ಅಲ್ಲಿಯವರು ಶೋಪೀಸಿಗೆ ಒಂದೇ ಹನಿ ಕೊಬ್ಬರಿ ಎಣ್ಣಿ ಸವರಿದ್ರ ಛಲೋ.

ಅಡಗಿ ಭಾಂಡೆ ಲೆಕ್ಕ ಬ್ಯಾರೆ. ಒಳಗ ಕಲಾಯಿ ಇರತೈತಿ, ಅದು ತವರ. ಬೂದಿ, ಹುಳಿ ಹೊರಗಷ್ಟs, ಒಳಗ ಮೆತ್ತನ್ನ ಅರಬಿ, ಸಾಬೂನು. ಕಲಾಯಿ ಸವದು ಹಳದಿ ಕಂಡ್ರ ಮತ್ತ ಹಾಕಿಸೂತನಕ ಅದರಾಗ ಸಾರು, ಮಜ್ಜಿಗಿ ಇಡಬ್ಯಾಡ್ರಿ, ತಾಮ್ರ ಬಿಟ್ಟು ಹೊಟ್ಟಿ ತೊಳಸತೈತಿ. ತಿಕ್ಕಿದ ಹುಳಿನೀರೂ ತುಳಸಿಗೆ ಹಾಕಬ್ಯಾಡ್ರಿ, ಉಪ್ಪು, ತಾಮ್ರ ಎರಡೂ ಇರತಾವು. ಬಚ್ಚಲಕ್ಕ ಚೆಲ್ರಿ.